ನಾಯಿಗೆ ಬಡಿಸಿದ ಬಯಕೆಯೂಟ

ಹೊಳೆನರಸೀಪುರದ ನಮ್ಮ ಮನೆಯ ಹೆಣ್ಣುನಾಯಿಗೆ ಹೊಟ್ಟೆ ಉಬ್ಬಿದಾಗ ಅದು ಗಬ್ಬವಾಗಿದೆಯೆಂದು ಅಮ್ಮ ತೀರ್ಮಾನಿಸಿಬಿಟ್ಟಳು. ಬಸುರಿಯ ಬಯಕೆ ತೀರಲೆಂದು ದಿನವೂ ಪುಳಿಯೋಗರೆ, ಹಪ್ಪಳ ಹಾಕಿದಳು. ಹೊಟ್ಟೆ ಇನ್ನೂ ದಪ್ಪವಾಯಿತು, ಬೆನ್ನುಮೂಳೆ ಎದ್ದು ಕಂಡಿತು, ಮರಿ ಮಾತ್ರ ಬರಲಿಲ್ಲ.

ಹಾಸನಕ್ಕೆ ಅದನ್ನು ಆಟೋದಲ್ಲಿ ಒಯ್ದೆವೆಂದು ನನ್ನ ನೆನಪು. ಅಕ್ಕ ಕಾರು ಎನ್ನುತ್ತಾಳೆ. ನಮಗೆ ಕಾರಿರಲಿಲ್ಲ, ಆದರೂ ಅವಳಿಗೆ ಅದರ ಬಣ್ಣ ಗೊತ್ತು. ಅಲ್ಲಿನ ಪಶುವೈದ್ಯರು ತಮ್ಮ ಪರಿಚಯದ, ಮನುಷ್ಯರ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದರು. ಗಂಡೋ ಹೆಣ್ಣೋ ಹೇಳುವುದಿಲ್ಲವೆಂಬ ಫಲಕದ ಕೆಳಗೆ ನಾಯಿ ಮಲಗಿತು.

"ಎಷ್ಟು ಮರಿ ಇದಾವೆ ಡಾಕ್ಟ್ರೇ?" ಎಂದಳು ಅಮ್ಮ.

"ಮರಿ ಎಲ್ಲೈತಮ್ಮಾ, ಬರೀ ನೀರು. ಲಿವರಿನ ರಕ್ತನಾಳದಲ್ಲಿ ರಕ್ತ ಎಪ್ಪುಗಟ್ಟೈತೆ. ಊಟಕ್ಕೇನ್ ಆಕ್ತಿದ್ರಿ?"

ಅಮ್ಮ ಹೇಳಿದಳು.

"ಅಪ್ಪಳಾನಾ! ಉಪ್ಪು ತಿಂದಷ್ಟೂ ನೀರು ತುಂಬ್ಕತದೆ ಕಣಮ್ಮ. ಇಂಗೇ ಆಕಿದ್ರೆ ಉಳಿಯಾಕಿಲ್ಲ."

ಅವರು ಸೂಜಿಯಿಂದ ನೀರು ತೆಗೆದು, ರಕ್ತ ತೆಳುವಾಗುವ ಔಷಧಿ ಕೊಟ್ಟು, ಉಪ್ಪು ನಿಲ್ಲಿಸಿದರು. ನಾಯಿ ಬದುಕಿತು. ಸಪ್ಪೆ ಅನ್ನ ಯಾಕೆಂದು ಕೇಳಿದ ಪಕ್ಕದ ಮನೆಯವರಿಗೆ ಅಮ್ಮ, "ಬಾಣಂತಿ ಪಥ್ಯ ಕಣ್ರೀ" ಎಂದಳು.

"ಮರಿಗಳೆಲ್ಲಿ?"

"ಎಲ್ಲಾ ಕೊಟ್ಬಿಟ್ವಿ."

ನಾಯಿ ಮಾತ್ರ ನಮ್ಮ ತಟ್ಟೆಯ ಹಪ್ಪಳವನ್ನೇ ನೋಡುತ್ತಿತ್ತು.