ಗಟ್ಟಿ ಕಾಲಿಗೆ ಕಟ್ಟಿದ ಪಟ್ಟಿ

ಕಳೆದ ವಾರ ಹುಬ್ಬಳ್ಳಿಯ ಎಲುಬಿನ ಡಾಕ್ಟರೊಬ್ಬರು ನನ್ನ ಬಲ ಮೊಣಕಾಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಏನ್ರಿ ಸರ, ಹಿಂದ ಯಾವಾಗರೆ ಆಕ್ಸಿಡೆಂಟ್ ಆಗಿತ್ತೇನ್ರಿ?’ ಎಂದು ಕೇಳಿದರು.

‘ಇಲ್ರಿ. ಕುಸ್ತಿ’ ಎಂದೆ.

ಡಾಕ್ಟರು ಎಕ್ಸ್‌ರೇ ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ನನ್ನ ಹೊಟ್ಟೆ ನೋಡಿದರು. ನಂಬಲಿಲ್ಲ. (ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.) ಕುರ್ಚಿಯಿಂದ ಏಳಬೇಕಾದರೆ ಮೊದಲು ಒಂದು ಸಲ ‘ಶಿವಾ’ ಎಂದು ಹೇಳಿಕೊಳ್ಳುವ ಈ ಆಸಾಮಿ ಒಂದು ಕಾಲದಲ್ಲಿ ಲಂಗೋಟಿ ಬಿಗಿದು ಕುಸ್ತಿ ಕಣಕ್ಕೆ ಇಳಿಯುತ್ತಿದ್ದ ಎಂದರೆ ಯಾರು ನಂಬುತ್ತಾರೆ ಹೇಳಿ?

‘ಮತ್ತ ಯಾರ್ರಿ ಕಾಲು ಮುರದವ್ರು?’ ಡಾಕ್ಟರು ನಗುತ್ತಾ ಕೇಳಿದರು.

‘ಯರಗುಪ್ಪಿ ಫಕೀರಪ್ಪ ಅಂತರಿ.’

ಈ ಉತ್ತರ ನನಗೆ ಬಾಯಿಪಾಠ. ಮದುವೆಯ ಹೊಸತರಲ್ಲಿ ಹೆಂಡತಿಗೆ ಇದನ್ನೇ ಹೇಳಿದ್ದೆ. ಆಮೇಲೆ ಮಕ್ಕಳಿಗೆ, ಆಫೀಸಿನವರಿಗೆ. ಇದೇ ಅಂಕಣದಲ್ಲಿ ನಿಮಗೂ ಒಮ್ಮೆ ಹೇಳಿದ ನೆನಪು. ಅದರಲ್ಲಿ ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಈ ವಾರ ಹೇಳಿಬಿಡುತ್ತೇನೆ. ಏಕೆಂದರೆ ಅದನ್ನು ಮೊದಲು ಕೇಳಬೇಕಾದವನಿಗೆ ಮೊನ್ನೆ ಭಾನುವಾರ ಹೇಳಿ ಬಂದಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ತಿರ್ಲಾಪುರದ ಗರಡಿ ಮನೆಯ ಬಾಗಿಲು ಎಷ್ಟು ಗಿಡ್ಡ ಎಂದರೆ ಎಂಥ ಪೈಲ್ವಾನನೂ ಬಗ್ಗಿಯೇ ಒಳಗೆ ಹೋಗಬೇಕು. ಕಿಟಕಿ ಇಲ್ಲ. ನೆಲದ ತುಂಬ ಕೆಂಪು ಮಣ್ಣು. ನಮ್ಮದು ಎರೆ ಸೀಮೆ. ಹತ್ತಿಗೆ ಬಂಗಾರದಂಥ ಭೂಮಿ, ಆದರೆ ಕುಸ್ತಿಗೆ ಆ ಮಣ್ಣು ನಡೆಯುವುದಿಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು. ಅದಕ್ಕೇ ಕಲಘಟಗಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ತರಿಸಿ, ಸಾಣಿಗೆಯಲ್ಲಿ ಸೋಸಿ, ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣು, ಅರಿಶಿನ ಹಾಕಿ ಹದ ಮಾಡುತ್ತಿದ್ದೆವು. ಇವತ್ತಿಗೂ ಮನೆಯಲ್ಲಿ ಒಗ್ಗರಣೆಗೆ ಅರಿಶಿನ ಬಿದ್ದ ವಾಸನೆ ಬಂದರೆ ನನಗೆ ಹಸಿವಾಗುವುದಿಲ್ಲ, ಬಸ್ಕಿ ಹೊಡೆಯಬೇಕು ಅನ್ನಿಸುತ್ತದೆ. (ಅನ್ನಿಸುತ್ತದೆ, ಅಷ್ಟೇ.)

ನಮಗೆ ಕುಸ್ತಿ ಕಲಿಸಿದವರು ಗುರಪ್ಪ ವಸ್ತಾದರು. ಊರಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಬೆಳಿಗ್ಗೆ ಐದಕ್ಕೆ ಮೈಯೆಲ್ಲ ಕೆಂಪು, ಹತ್ತರ ಮೇಲೆ ಮೈಯೆಲ್ಲ ಬಿಳಿ. ಮಣ್ಣಿಗೆ ತಿಕ್ಕಿ ತಿಕ್ಕಿ ಅವರ ಕಿವಿಗಳು ಒಣ ಅಂಜೂರದಂತೆ ಮುದುಡಿದ್ದವು. ಬೈಗುಳ ಧಾರಾಳ, ಹೊಗಳಿಕೆ ವರ್ಷಕ್ಕೊಂದು. ಅವರು ಬಾಯಿ ತುಂಬ ಬಾದಾಮಿ, ತುಪ್ಪದ ಹೆಸರು ಹೇಳುತ್ತಿದ್ದರು. ನಾವು ನೆನೆಸಿದ ಕಡಲೆ, ಹಸಿ ಶೇಂಗಾ ತಿನ್ನುತ್ತಾ ಕೇಳುತ್ತಿದ್ದೆವು.

ಅವರದು ಒಂದೇ ಒಂದು ಕಾನೂನು. ‘ಎಲ್ಲೆರೆ ನೋವಾತಂದ್ರ ಮೊದಲ ನನಗ ಹೇಳ್ರಿ. ನಿಮ್ಮವ್ವಗ ಆಮ್ಯಾಲ.’

ಹೇಳುತ್ತಿದ್ದೆವು ಕೂಡ. ಬೆರಳು ಸರಿದರೆ ಎಳೆದು ಕೂಡಿಸುತ್ತಿದ್ದರು. ಕತ್ತು ಹಿಡಿದರೆ ಬಿಸಿ ಉಪ್ಪಿನ ಗಂಟಿನಿಂದ ಶಾಖ. ಉಳುಕಿದರೆ ಸುಣ್ಣ-ಬೆಲ್ಲದ ಪಟ್ಟು. ಈಗಿನ ಜಿಮ್ಮಿನ ಹುಡುಗರು ‘ಪೇನ್ ಆಗ್ತಿದೆ’ ಎಂದು ಮೊಬೈಲಿನಲ್ಲಿ ಫೋಟೋ ಹಾಕುತ್ತಾರೆ. ನಮಗೆ ನೋವಿಲ್ಲದ ದಿನವೇ ಅನುಮಾನ ಬರುತ್ತಿತ್ತು, ನಿನ್ನೆ ಸರಿಯಾಗಿ ಆಡಲಿಲ್ಲವೇನೋ ಎಂದು.

ಆ ವರ್ಷ ನಾಗರ ಪಂಚಮಿಯ ಮರುದಿನ ನಮ್ಮೂರಿನಲ್ಲಿ ಕುಸ್ತಿ. ನನಗೆ ಜೋಡಿ ಕಟ್ಟಿದ್ದು ಯರಗುಪ್ಪಿಯ ಫಕೀರಪ್ಪನ ಜೊತೆ. ನನಗಿಂತ ಎರಡು ವರ್ಷ ದೊಡ್ಡವ. ಕುಂದಗೋಳ ಕಡೆ ಅವನ ಹೆಸರು ಹೇಳಿದರೆ ಜೋಡಿ ಸಿಗುವುದೇ ಕಷ್ಟ. ದಸರೆ ಮುಗಿದ ಮೇಲೆ ಕೊಲ್ಲಾಪುರದ ದೊಡ್ಡ ಗರಡಿಗೆ ಹೋಗಿ ಅಲ್ಲಿಯೇ ಇದ್ದು ಕಲಿಯುವುದು ನಿಶ್ಚಯವಾಗಿತ್ತು. ಅಂಥವನ ಮುಂದೆ ಹತ್ತು ನಿಮಿಷ ನಿಂತರೂ ಸಾಕು, ನವಲಗುಂದ ತಾಲ್ಲೂಕಿನ ತುಂಬ ನನ್ನ ಹೆಸರು!

ಪಂಚಮಿಗೆ ಎಂಟು ದಿನ ಇರುವಾಗ, ಬೆಳಗಿನ ತಾಲೀಮಿನಲ್ಲಿ, ಬಲ ಮೊಣಕಾಲು ‘ಲಟಕ್’ ಎಂದಿತು.

ವಸ್ತಾದರಿಗೆ ಹೇಳಲಿಲ್ಲ. ಹೇಳಿದರೆ ಜೋಡಿ ಮುರಿಯುತ್ತಿದ್ದರು. ಮನೆಯ ಹಿತ್ತಲಿನಲ್ಲಿ ಕದ್ದು ಕೂತು, ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿಕೊಂಡೆ. ದಿನಕ್ಕೆರಡು ಸಲ. ನಾಲ್ಕನೆಯ ದಿನ ಅವ್ವ ಕೇಳಿದಳು, ‘ಯಾಕೋ ಈರಣ್ಣ, ಎಕ್ಕಿ ಗಿಡ ಬೋಳಾಗೇತಲ್ಲ?’

‘ಆಡು ತಿಂದಿರಬೇಕು’ ಎಂದೆ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುವುದು ನಿಜ. ಆದರೆ ನಮ್ಮ ಮನೆಯಲ್ಲಿ ಆಡೇ ಇರಲಿಲ್ಲ.

ನೋವು ಇಳಿಯಲಿಲ್ಲ. ಆಗ ನನಗೊಂದು ಡಾವು ಹೊಳೆಯಿತು. ಪೈಲ್ವಾನ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದರೆ ಎದುರಾಳಿಯ ಕಣ್ಣು ಅದೇ ಕಾಲಿನ ಮೇಲೆ ಇರುತ್ತದೆ, ಅಲ್ಲವೇ? ಅದನ್ನೇ ಎಳೆಯುತ್ತಾನೆ, ಅದನ್ನೇ ಒತ್ತುತ್ತಾನೆ. ಹಾಗಾದರೆ ಪಟ್ಟಿಯನ್ನು ಗಟ್ಟಿ ಕಾಲಿಗೆ ಕಟ್ಟಿದರೆ? ಅವನು ಗಟ್ಟಿ ಕಾಲಿನ ಜೊತೆ ಗುದ್ದಾಡುತ್ತಾನೆ, ಕೆಟ್ಟ ಕಾಲು ಉಳಿಯುತ್ತದೆ. ಎಂಥ ತಲೆ! ನನ್ನ ಬುದ್ಧಿಗೆ ನಾನೇ ಶಾಭಾಸ್ ಹೇಳಿಕೊಂಡು, ಅಪ್ಪನ ಹಳೆಯ ಧೋತರ ಹರಿದು, ಎಡ ಮೊಣಕಾಲಿಗೆ ಬಿಗಿದೆ.

ಕಣದ ಸುತ್ತ ಜನ. ಹಲಗೆ ಬಡಿಯುವ ಸದ್ದು. ಲಂಗೋಟಿಯಲ್ಲಿ ನಿಂತ ನನ್ನನ್ನು ವಸ್ತಾದರು ಹಿಡಿದು ನಿಲ್ಲಿಸಿದರು.

‘ಇದೇನಲೇ ಪಟ್ಟಿ?’

‘ಸ್ವಲ್ಪ ಉಳುಕೇತ್ರಿ. ನಿನ್ನಿ. ಏನಿಲ್ರಿ.’

ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ನಮ್ಮ ಹೆಸರು ಕೂಗಿದ್ದರು. ನಾನು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಒಳಗೆ ಇಳಿದೆ.

ನಾನು ಎಡಗಾಲನ್ನೇ ಮುಂದೆ ಮಾಡಿ ನಿಂತೆ. ಫಕೀರಪ್ಪ ಅದನ್ನು ನೋಡಿದ, ನನ್ನ ಬಲಕ್ಕೆ ಸರಿದ. ನಾನು ತಿರುಗಿ ಮತ್ತೆ ಎಡಗಾಲು ಚಾಚಿದೆ. ಮತ್ತೆ ಬಲಕ್ಕೆ ಸರಿದ. ಒಂದು ಸಲ ಅವನ ಕೈ ಪಟ್ಟಿಗೆ ತಾಗಿತು, ಕೆಂಡ ಮುಟ್ಟಿದವನಂತೆ ಹಿಂದಕ್ಕೆ ತೆಗೆದುಕೊಂಡ. ಇವನಿಗೇನು ಕಣ್ಣು ಕಾಣುವುದಿಲ್ಲವೇ? ನನಗೆ ಸಿಟ್ಟೇ ಬಂತು. ಹೀಗೇ ಹತ್ತು ನಿಮಿಷ ನಡೆದಿರಬೇಕು. ಆಮೇಲೆ ಅವನು ಒಮ್ಮೆಲೇ ಬಗ್ಗಿ, ನುಗ್ಗಿ, ನನ್ನ ಬಲಗಾಲನ್ನು ಹಿಡಿದು ತಿರುವಿದ.

ಸದ್ದು ಮುಂದಿನ ಸಾಲಿನವರಿಗೂ ಕೇಳಿಸಿತಂತೆ. ಹಲಗೆ ನಿಂತಿತು.

ಗೆದ್ದವನು ಕೈ ಎತ್ತಲಿಲ್ಲ. ಬೆಳ್ಳಿ ಕಡಗ ಕೊಡಲು ಕರೆದರೆ ಹೋಗಲಿಲ್ಲ. ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗರಡಿ ಮನೆಗೆ ತಂದು ಮಲಗಿಸಿದವನು ಅವನೇ.

ಎಲ್ಲರನ್ನೂ ಹೊರಗೆ ಕಳಿಸಿ ವಸ್ತಾದರು ನನ್ನ ಮೊಣಕಾಲು ಮುಟ್ಟಿದರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು.

‘ಔಡಲೆಣ್ಣಿ ವಾಸನಿ ಐತಿ. ಇದು ಇವತ್ತಿನ ಬಾವಲ್ಲ.’

ಅವರು ನನ್ನ ಎಡಗಾಲಿನ ಪಟ್ಟಿ ಬಿಚ್ಚಿ ನೋಡಿದರು. ಅಲ್ಲಿ ಏನಿರುತ್ತದೆ? ಅದೇ ಪಟ್ಟಿಯನ್ನು ತಂದು ಬಲಗಾಲಿಗೆ ಕಟ್ಟಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ನಾ ಯಾರ ಮುಂದೂ ಅನ್ನಂಗಿಲ್ಲ. ಆದ್ರ ಆ ಹುಡುಗ ಹೊರಗ ಅಳಾಕತ್ತಾನ. ಅವಗ ನೀನ ಹೇಳಬೇಕು.’

ಹೇಳುತ್ತೇನೆ ಎಂದೆ.

ಫಕೀರಪ್ಪ ಅಮಾವಾಸ್ಯೆಗೊಮ್ಮೆ ಬರತೊಡಗಿದ. ಅಮಾವಾಸ್ಯೆಗೆ ರೈತರು ಎತ್ತು ಹೂಡುವುದಿಲ್ಲ, ಅದೊಂದೇ ಬಿಡುವು. ಎರಡು ಬಸ್ ಬದಲಿಸಿ, ಕಂಕುಳಲ್ಲಿ ಎಣ್ಣೆ ಬಾಟಲಿ ಹಿಡಿದು ಬರುತ್ತಿದ್ದ. ಅವನ ಅಜ್ಜಿ ಅದೇನೋ ಬೇರು ಹಾಕಿ ಕಾಸಿದ ಎಣ್ಣೆ. ಬಂದವನೇ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದ. ಎಷ್ಟು ಹಗುರ ಕೈ! ಆ ಎಣ್ಣೆಯ ವಾಸನೆ, ಅಂಗಳದ ಬಿಸಿಲು, ಅವ್ವ ತಂದಿಡುತ್ತಿದ್ದ ಶೇಂಗಾ ಹಿಂಡಿ-ರೊಟ್ಟಿ, ನಮ್ಮಿಬ್ಬರ ಹರಟೆ. ನಿಜ ಹೇಳಲೇ? ನನ್ನ ಬದುಕಿನ ಅತಿ ಸುಖದ ದಿನಗಳಲ್ಲಿ ಅವೂ ಸೇರುತ್ತವೆ. ಅದಕ್ಕೇ ಈಗಲೂ ನಾಚಿಕೆಯಾಗುತ್ತದೆ.

ಮೊದಲ ಸಲ ಬಂದಾಗಲೇ ಅವನು ಹೇಳಿದ್ದ, ‘ಪಟ್ಟಿ ಕಟ್ಟಿದ ಕಾಲಿಗೆ ಕೈ ಹಾಕಬಾರದು ಅಂತ ನಮ್ಮ ಗರಡಿಯೊಳಗ ಆಣಿ ಹಾಕ್ಯಾರ. ಅದಕ್ಕ ನಿನ್ನ ಗಟ್ಟಿ ಕಾಲು ಹಿಡದ್ಯೋ ತಮ್ಮಾ. ಗಟ್ಟಿ ಕಾಲು ಹಿಂಗ ಮುರೀತೈತಿ ಅಂತ ನನಗೇನು ಗೊತ್ತು?’ ಆಮೇಲೆ ನೆನಪು ಮಾಡಿಕೊಂಡು ಕೇಳಿದ್ದ, ‘ಎಡಗಾಲು ಹ್ಯಾಂಗೈತಿ ಈಗ?’

‘ಆರಾಮ ಆತು’ ಎಂದಿದ್ದೆ.

ದಸರೆ ಬಂತು, ಹೋಯಿತು. ದೀಪಾವಳಿ ಅಮಾವಾಸ್ಯೆಗೆ ಮತ್ತೆ ಬಂದ. ‘ಅಣ್ಣಾ, ಕೊಲ್ಲಾಪುರಕ್ಕ ಯಾವಾಗ?’ ಎಂದು ಕೇಳಿದೆ.

ಕಾಲು ತಿಕ್ಕುತ್ತಲೇ ಹೇಳಿದ, ‘ಹೋಗಂಗಿಲ್ಲ. ಲಂಗೋಟಿ ಬಿಚ್ಚಿಟ್ಟೆ. ನನ್ನ ಕೈಯಾನ ಕಸುವು ನನಗ ತಿಳಿಯವಲ್ದು. ನಾಳೆ ಇನ್ನೊಬ್ಬ ಹಡದವ್ವನ ಮಗನ ಕಾಲು ಮುರದ್ರ?’

ಆಗ ಹೇಳಬೇಕಿತ್ತು. ಎರಡು ಮಾತು ಸಾಕಿತ್ತು, ಅವನು ಮರುದಿನವೇ ಕೊಲ್ಲಾಪುರದ ಬಸ್ ಹತ್ತುತ್ತಿದ್ದ. ಯಾಕೆ ಹೇಳಲಿಲ್ಲ? ಊರಿನಲ್ಲಿ ನನಗೆ ಹೆಸರು ಬಂದಿತ್ತು ಸ್ವಾಮಿ! ‘ಒಂದು ಕಾಲಿಗೆ ಪಟ್ಟಿ ಕಟ್ಟಿಕೊಂಡು ಯರಗುಪ್ಪಿ ಪೈಲ್ವಾನನ ಮುಂದ ಹತ್ತು ನಿಮಿಷ ನಿಂತ ಹುಡುಗ.’ ಚಹಾದ ಅಂಗಡಿಯಲ್ಲಿ ಕೂರಲು ಜಾಗ ಬಿಡುತ್ತಿದ್ದರು. ಇನ್ನೊಂದು ಕಾರಣವೂ ಇತ್ತು. ನಿಜ ಹೇಳಿದರೆ ಅವನು ಮುಂದಿನ ಅಮಾವಾಸ್ಯೆಗೆ ಬರುತ್ತಿರಲಿಲ್ಲ.

ಕಾಲು ಒಂದು ಮಟ್ಟಕ್ಕೆ ಕೂಡಿಕೊಂಡಿತು. ನಾನು ಧಾರವಾಡಕ್ಕೆ ಕಾಲೇಜಿಗೆ ಹೋದೆ, ನೌಕರಿ ಹಿಡಿದೆ. ಗುರಪ್ಪ ವಸ್ತಾದರು ತೀರಿಕೊಂಡರು. ಕೊನೆಯ ಸಲ ಭೇಟಿಯಾದಾಗ ಒಂದೇ ಮಾತು ಕೇಳಿದರು, ‘ಹೇಳಿದ್ಯಾ?’ ನಾನು ಹೂಂ ಎಂದೆ. ಸಾಯುವ ಮನುಷ್ಯನಿಗೂ ಸುಳ್ಳು.

ಮೊನ್ನೆ ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು, ‘ಅಂವ ಎಂಥ ಮನಿಷ್ಯಾರೀ, ಹಿಂಗ ಮುರದಾನಲ್ಲ!’ ಎಂದರು. ಅವರ ಮಟ್ಟಿಗೆ ಅದೊಂದು ಸಾದಾ ಮಾತು. ನನಗೆ ಚೇಂಬರಿನಲ್ಲಿ ಕೂರಲಾಗಲಿಲ್ಲ.

ಭಾನುವಾರ ಯರಗುಪ್ಪಿಗೆ ಹೋದೆ. ಫಕೀರಪ್ಪ ಮನೆಯ ಕಟ್ಟೆಯ ಮೇಲೆ ಒಣಮೆಣಸಿನಕಾಯಿ ಆರಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ, ಭುಜಗಳು ಮಾತ್ರ ಇನ್ನೂ ಹಾಗೇ ಇವೆ. ನನ್ನ ನಡಿಗೆ ನೋಡಿದ್ದೇ ಒಳಗಿನಿಂದ ಕುರ್ಚಿ ತಂದು ಹಾಕಿದ. ತಾನು ಕೆಳಗೆ ಕೂತ. ‘ಚಳಿಗಾಲದಾಗ ಭಾಳ ನೋಯ್ತೈತೇನು?’ ಎಂದು ಕೇಳುತ್ತಾ ನನ್ನ ಬಲಗಾಲಿಗೆ ಕೈ ಚಾಚಿದ.

‘ಅಣ್ಣಾ, ಮುಟ್ಟಬ್ಯಾಡ. ಮೊದಲ ಕೇಳು’ ಎಂದೆ. ಲಟಕ್ ಎಂದದ್ದು, ಎಕ್ಕೆ ಎಲೆ, ಅಪ್ಪನ ಧೋತರ, ಎಡಗಾಲು. ಎಲ್ಲ ಹೇಳಿದೆ. ನಿನ್ನ ಕೈಯಿಂದ ಮುರಿದದ್ದಲ್ಲ, ಮುರಿದ ಕಾಲನ್ನೇ ತಂದಿದ್ದೆ ಎಂದೆ.

ಫಕೀರಪ್ಪ ಮೊದಲು ಜೋರಾಗಿ ನಕ್ಕ. ‘ಎಲಾ ಇವನ! ಭಾರಿ ಡಾವು ಹಾಕಿದ್ಯಲ್ಲಲೇ!’ ಎಂದು ತೊಡೆ ತಟ್ಟಿಕೊಂಡ. ಹೆಂಡತಿಯನ್ನು ಕೂಗಿ ಚಹಾ ತರಿಸಿದ. ನನಗೆ ಎದೆ ಹಗುರಾಯಿತು. ಇಷ್ಟಕ್ಕೆ ಇಷ್ಟು ವರ್ಷ ಅಂಜಿದೆನೇ ಎಂದುಕೊಂಡೆ.

ನಾನು ಚಹಾ ಕುಡಿದು ಮುಗಿಸಿದೆ. ಅವನ ಕಪ್ಪು ಹಾಗೇ ಇತ್ತು, ಚಹಾದ ಮೇಲೆ ಕೆನೆ ಕಟ್ಟಿತ್ತು. ಅವನು ಸಿಟ್ಟಾಗಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವನ ಹತ್ತಿರ ಕೇಳುವವನಂತೆ ನನ್ನ ಮುಖ ನೋಡಿ ಕೇಳಿದ:

‘ಹಂಗಾರ ನಾ ಕುಸ್ತಿ ಯಾಕ ಬಿಟ್ಟೆ, ಈರಣ್ಣ?’