ಬಾಗಿಲಲ್ಲಿ ನಿಂತ ಹೆಣ

ಮೊನ್ನೆ ನೀವು ತಂದ ಜೋಂಬಿ ಕಾಮಿಕ್ಸ್ ತೆರೆದೆ. ಮಸಿಯ ವಾಸನೆ ಮೂಗಿಗೆ ಬಡಿಯಿತು. ಮಕ್ಕಳೇ, ಆ ವಾಸನೆಯ ಹಿಂದೆಯೇ ಮುರಗೋಡದ ಪುಸ್ತಕದಂಗಡಿ ಚಾಚಾ ಬಂದರು...

ಅವರು ಚಿತ್ರಕಥೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಹೊಸ ಸೊಸೆಯಾದ ನನಗೆ ಅಂಗಡಿಗೆ ಹೋಗಲು ಸಂಕೋಚ. ನಿಮ್ಮ ಅಜ್ಜನೇ ತಂದುಕೊಡುತ್ತಿದ್ದರು. ಒಲೆಯ ಮುಂದೆ ಕೂತು ಓದುತ್ತಿದ್ದೆ. ಅವುಗಳಲ್ಲಿ ನನಗೆ ಮರೆಯಲಾಗದ್ದು, ಸತ್ತವರು ಎದ್ದು ಊರಿಗೆ ನಡೆದು ಬರುವ ಕಥೆ.

ಅದೇ ಕಥೆ ಟೀವಿಯಲ್ಲಿ ಧಾರಾವಾಹಿಯಾಗಿ ಬಂತು. ಪುಸ್ತಕ ಕೇಳುವವರೇ ಇಲ್ಲವಾದರು. ಚಾಚಾ ಅಂಗಡಿ ಮುಚ್ಚುವ ಮಾತಾಡತೊಡಗಿದರು.

ಓಣಿಯಲ್ಲಿ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ. ಒಂದು ಸಂಜೆ ಚಾಚಾ ಕೂಡ ನೋಡಲು ಬಂದರು. ಧಾರಾವಾಹಿ ಮುಗಿಯುತ್ತಲೇ ನೆರೆಮನೆಯ ಕಾಕಾ ಕೆಣಕಿದರು: “ಏನ್ ಚಾಚಾ, ನಿಮ್ಮ ಪುಸ್ತಕದಾಗಿನ ಹೆಣ ನಿಂತಲ್ಲೇ ನಿಂತಿರತಾವ. ಇಲ್ಲಿ ನೋಡ್ರಿ, ಹೆಂಗ ಓಡತಾವ! ಇನ್ನ ಅವನ್ನೆಲ್ಲಾ ರದ್ದಿಗೆ ಹಾಕ್ರಿ.”

ಎಲ್ಲರೂ ನಕ್ಕರು. ಚಾಚಾ ತಲೆ ತಗ್ಗಿಸಿದರು.

ಹಿರಿಯರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. ಅಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗು ಎಳೆದುಕೊಂಡು ಹೇಳಿಯೇ ಬಿಟ್ಟೆ:

“ಟೀವಿಯಾಗಿನ ಹೆಣಕ್ಕ ಬರೇ ಹಲ್ಲ ಅದಾವ್ರಿ ಕಾಕಾ. ಪುಸ್ತಕದಾಗ ಅದು ತನ್ನ ಮನಿ ಬಾಗಿಲಾಗ ನಿಂತು ಒಳಗ ನೋಡತೈತಿ. ಎಲ್ಲಾರೂ ಉಣ್ಣಾಕ ಹತ್ತ್ಯಾರ, ಅದರ ತಾಟ ಯಾರೂ ಇಟ್ಟಿಲ್ಲ. ನಾವು ಅಮಾಸಿಗೆ ಹಿರ್ಯಾರಿಗೆ ಎಡಿ ಇಡತೇವಿ. ಅವಕ್ಕ ಇಡವ್ರಿಲ್ಲ... ಅದಕ್ಕ ಹಸದು ಬಂದಾವ.”

ಯಾರೂ ನಗಲಿಲ್ಲ. ಅತ್ತೆ ಬೈಯುತ್ತಾರೆಂದುಕೊಂಡೆ. ಅವರು, “ಆ ಪುಸ್ತಕ ನನಗೂ ಓದಿ ಹೇಳವಾ,” ಎಂದರು.

ಮರುದಿನ ಆ ಪುಸ್ತಕ ಕೇಳಿಕೊಂಡು ಅಂಗಡಿಗೆ ಮೊದಲು ಹೋದವರು ಕಾಕಾ! ಆಮೇಲೆ ಓಣಿಗೆ ಓಣಿಯೇ ಹೋಯಿತು. ಅಂಗಡಿ ಉಳಿಯಿತು. ಆ ವರ್ಷ ಹಿರಿಯರ ಅಮಾವಾಸ್ಯೆಗೆ ಚಾಚಾರನ್ನು ಊಟಕ್ಕೆ ಕರೆದಿದ್ದೆವು. ನಾನು ಬಡಿಸಿದ ಶೇಂಗಾ ಹೋಳಿಗೆ ಮುರಿಯುತ್ತ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: “ಊರಿಗೆಲ್ಲಾ ಪುಸ್ತಕ ಕೊಟ್ಟೆ ತಂಗಿ. ಓದಿದಾಕಿ ನೀ ಒಬ್ಬಾಕಿನ.”

ಹಳ್ಳಿ ಸಾಲೆ ಕಲಿತ ನನಗೆ ಅದಕ್ಕಿಂತ ದೊಡ್ಡ ಪದವಿ ಯಾರೂ ಕೊಟ್ಟಿಲ್ಲ. ಇಂದಿಗೂ ನೆನೆದರೆ ಬೆನ್ನು ನೆಟ್ಟಗಾಗುತ್ತದೆ.

ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಚಾಚಾ ಇಲ್ಲ, ನಿಮ್ಮ ಅಜ್ಜನೂ ಇಲ್ಲ... ಈ ಅಮಾವಾಸ್ಯೆಗೆ ಅಜ್ಜನ ಎಡೆಯ ಪಕ್ಕದಲ್ಲಿ ಇನ್ನೊಂದು ಎಡೆ ಯಾರಿಗೆಂದು ನೀವು ಕೇಳಿದಿರಿ. ಚಾಚಾರ ಮನೆಯಲ್ಲಿ ಈ ಪದ್ಧತಿ ಇಲ್ಲವೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಇದೆಯಲ್ಲ. ಚಾಚಾ ನಮ್ಮ ಬಾಗಿಲಲ್ಲಿ ಹಸಿದು ನಿಲ್ಲಬಾರದು.