ಫ್ಯಾಕ್ಸಿಗೆ ಬೀಗ ಹಾಕಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಬಾಯಲ್ಲಿ ಬೆಂದ ಕಾಳೂ ನಿಲ್ಲುವುದಿಲ್ಲ. ನಾನು ಪರೀಕ್ಷೆಯಲ್ಲಿ ನಪಾಸಾದದ್ದು ನನಗಿಂತ ಮೊದಲು ಇಡೀ ಬೀದಿಗೆ ಗೊತ್ತಾದದ್ದು ಅವಳ ಕೃಪೆಯಿಂದ. ಅಂಥವಳಿಗೆ ಅವಳಿಗೆ ಕೆಲಸ ಕೊಟ್ಟ ಡಾಕ್ಟರು ಫ್ಯಾಕ್ಸ್ ಯಂತ್ರದ ಪಾಸ್‌ಕೋಡ್ ಒಪ್ಪಿಸಿದರೆಂದು ತಿಳಿದಾಗ ಅಪ್ಪ, ಬೆಕ್ಕಿಗೆ ಹಾಲು ಕಾಯೋ ಕೆಲಸ ಕೊಟ್ಟಿದ್ದಾರೆ ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಚಿಕ್ಕಮ್ಮ ಒಂದು ಕ್ಲಿನಿಕ್ಕಿನಲ್ಲಿ ಗುಮಾಸ್ತೆ. ಅಲ್ಲಿನ ಫ್ಯಾಕ್ಸ್ ಯಂತ್ರವಿದ್ದದ್ದು ಕಾರಿಡಾರಿನಲ್ಲಿ, ಕುಡಿಯುವ ನೀರಿನ ಪಕ್ಕ. ಲ್ಯಾಬಿನಿಂದ ಬಂದ ವರದಿಗಳು ಟ್ರೇಯಲ್ಲಿ ಬಿದ್ದಿರುತ್ತಿದ್ದವು. ನೀರಿಗೆ ಬಂದವರೆಲ್ಲ ಒಮ್ಮೆ ಕಣ್ಣು ಹಾಯಿಸಿಯೇ ಹೋಗುತ್ತಿದ್ದರು. ಹೀಗಾಗಿ ಒಬ್ಬ ಹೆಂಗಸಿಗೆ ತನ್ನ ಕಾಯಿಲೆಯ ಹೆಸರು ಕಾವಲುಗಾರನ ಬಾಯಿಂದ ಗೊತ್ತಾಯಿತು. ಅವಳು ಗೋಡೆ ಹಿಡಿದು ಕುಸಿದದ್ದನ್ನು ಚಿಕ್ಕಮ್ಮ ಕಣ್ಣಾರೆ ಕಂಡಳು.

ಮರುದಿನವೇ ಡಾಕ್ಟರನ್ನು ಕೇಳಿಕೊಂಡು ಯಂತ್ರದ ಕೈಪಿಡಿ ಹಿಡಿದು ಕೂತಳು. ಮೆನು ಒತ್ತಿ, ತಪ್ಪು ಒತ್ತಿ, ಒಮ್ಮೆ ಪರದೆಯ ಭಾಷೆಯನ್ನೇ ಬದಲಾಯಿಸಿಬಿಟ್ಟು, ಯಂತ್ರದ ವಂಶವನ್ನೆಲ್ಲ ಬೈದು, ಕೊನೆಗೂ ಗೆದ್ದಳು. ಅಂದಿನಿಂದ ವರದಿ ಯಂತ್ರದ ಹೊಟ್ಟೆಯೊಳಗೇ ಉಳಿಯುತ್ತಿತ್ತು. ಕೋಡ್ ಒತ್ತಿದರಷ್ಟೇ ಕಾಗದ ಹೊರಗೆ. ಕೋಡ್ ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ಅವಳಿಗೆ ಮಾತ್ರ. ವರದಿ ತೆಗೆದು ಲಕೋಟೆಗೆ ಹಾಕುವುದು ಅವಳ ಕೆಲಸ, ಹೇಳುವುದು ಡಾಕ್ಟರ ಕೆಲಸ.

ಆ ದಿನಗಳಲ್ಲೇ ಅಮ್ಮನ ಕತ್ತಿನಲ್ಲಿ ಗಂಟೊಂದು ಕಾಣಿಸಿತು. ಚಿಕ್ಕಮ್ಮನ ಡಾಕ್ಟರೇ ಅದರ ಚೂರು ತೆಗೆದು ಲ್ಯಾಬಿಗೆ ಪರೀಕ್ಷೆಗೆ ಕಳಿಸಿದರು. ಅಮ್ಮ ಏನೂ ಆಗದವಳ ಹಾಗೆ ಓಡಾಡುತ್ತಿದ್ದಳು; ನಾವು ಮಾತ್ರ ದಿನ ಎಣಿಸುತ್ತಿದ್ದೆವು.

ವರದಿ ಬರಬೇಕಿದ್ದ ದಿನ ಚಿಕ್ಕಮ್ಮ ಎಂದಿನಂತೆ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೆ ಬಂದಳು. ಅಪ್ಪ ವಿಚಾರಿಸಿದ್ದಕ್ಕೆ, ಡಾಕ್ಟರು ಹೊರಗೆ ಹೋಗಿದ್ದಾರೆ, ಸಂಜೆ ಅವರೇ ಫೋನ್ ಮಾಡುತ್ತಾರೆ ಎಂದಳು. ಅಷ್ಟೇ. ಆಮೇಲೆ ತಲೆ ತಗ್ಗಿಸಿ ಉಂಡಳು. ಸುಮ್ಮನೆ ಉಣ್ಣುವ ಚಿಕ್ಕಮ್ಮನನ್ನು ನಾವು ಯಾರೂ ಕಂಡೇ ಇರಲಿಲ್ಲ. ಅಪ್ಪ ಬಚ್ಚಲಿಗೆ ಹೋಗಿ ಅಳು ಕೇಳಿಸದಿರಲೆಂದು ನಲ್ಲಿ ತಿರುಗಿಸಿದರು. ಅಮ್ಮ ತನ್ನ ಓಲೆ ನನಗೆ, ಹೊಲಿಗೆ ಯಂತ್ರ ಚಿಕ್ಕಮ್ಮನಿಗೆ ಎಂದು ಆಸ್ತಿ ಹಂಚಲು ಶುರುಮಾಡಿದಳು. ಅದಕ್ಕೂ ಚಿಕ್ಕಮ್ಮ ತುಟಿಪಿಟಕ್ ಎನ್ನದೆ ಕೈ ತೊಳೆದು ಹೊರಟುಬಿಟ್ಟಳು. ಅವಳ ಬೆನ್ನಿಗೆ ಸೌಟು ಎಸೆಯುವಷ್ಟು ಸಿಟ್ಟು ಬಂತು ನನಗೆ.

ಸಂಜೆ ಡಾಕ್ಟರು ಫೋನ್ ಮಾಡಿದರು. ಅಪಾಯದ ಗಂಟಲ್ಲ, ನಿಶ್ಚಿಂತೆಯಿಂದಿರಿ ಎಂದರು. ಅಪ್ಪ ನನ್ನ ಕೈ ಹಿಡಿದು ಅಡುಗೆಮನೆ ತುಂಬ ಕುಣಿದರು. ಅಷ್ಟರಲ್ಲಿ ಚಿಕ್ಕಮ್ಮ ಏದುಸಿರು ಬಿಡುತ್ತಾ ಬಂದಳು. ಮಧ್ಯಾಹ್ನವೇ ಗೊತ್ತಿತ್ತೇ ಎಂದು ಅಮ್ಮ ಕೇಳಿದಳು. ಗೊತ್ತಿತ್ತು ಎಂದಳು.

"ಒಳ್ಳೆ ಸುದ್ದಿ ತಾನೆ? ಹೇಳೋಕೆ ಏನಾಗಿತ್ತು ನಿಂಗೆ?"

"ಒಳ್ಳೇದನ್ನ ಹೇಳ್ಬಿಟ್ರೆ, ಅಕ್ಕಾ, ನಾಳೆ ಇನ್ನೊಬ್ಬರ ಮುಂದೆ ನಾನು ಸುಮ್ಮನಿದ್ರೇ ಸಾಕು, ಕೆಟ್ಟದ್ದು ಅಂತ ಅವರಿಗೆ ಗೊತ್ತಾಗಿಬಿಡುತ್ತೆ. ಆಮೇಲೆ ಯಂತ್ರಕ್ಕೆ ಬೀಗ ಹಾಕಿ ಏನು ಬಂತು?"

ಅಮ್ಮ ತಂಗಿಯ ಬೆನ್ನಿಗೊಂದು ಗುದ್ದು ಕೊಟ್ಟು, ಹಾಗೇ ಬಿಗಿಯಾಗಿ ಅಪ್ಪಿಕೊಂಡಳು.

"ಸರಿ, ಹೇಳ್ಬೇಡ. ಬೇರೆ ಏನಾದ್ರೂ ಮಾತಾಡ್ತಾ ಇರು, ಪುಣ್ಯಾತ್ಗಿತ್ತಿ. ನೀನು ಸುಮ್ಮನಿದ್ರೆ ನಾನು ಸತ್ತೇ ಹೋದೆ ಅನ್ಕೊಂಡುಬಿಡ್ತೀನಿ."

ಚಿಕ್ಕಮ್ಮ ಕಣ್ಣೊರೆಸಿಕೊಂಡು ಎದುರುಮನೆಯವರ ಜಗಳದ ಕಥೆ ಶುರುಮಾಡಿದಳು. ಯಾರೂ ತಡೆಯಲಿಲ್ಲ.